ಪರೀಕ್ಷೆಯ ಭಯಕ್ಕೆ ಹತ್ತು ನಿಮಿಷ

ಹಗಲು ದುಡಿದು ರಾತ್ರಿ ಕಾಲೇಜಿಗೆ ಹೋಗುವ ನಮ್ಮ ಹುಡುಗರಿಗೆ ಪರೀಕ್ಷೆ ಬಂತೆಂದರೆ ನಿದ್ದೆಯಿಲ್ಲ, ಎದೆ ಡವಡವ. ಅಂಥವರಿಗೆ ನಾವು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರ ಮಾತು ತೆಗೆಯುತ್ತೇವೆ. ಬಾಲ್ಯವೆಲ್ಲ ಕಾಯಿಲೆ, ಮೆಟ್ರಿಕ್ಕಿನಲ್ಲಿ ಇಂಗ್ಲಿಷ್ ಕೈಕೊಟ್ಟಿತು. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರಿಂದ ಯೋಗ ಕಲಿತ ಅವರೇ 1937ರಲ್ಲಿ ಪುಣೆಗೆ ಹೋಗಿ ಕಾಲೇಜು ವಿದ್ಯಾರ್ಥಿಗಳಿಗೆ ಗುರುವಾದರು.

ಯೋಗಕ್ಕೆ ಬಂಗಲೆ ಬೇಡ. ಚಾಳಿನ ಖೋಲಿಯಲ್ಲಿ ಚಾಪೆಯಗಲ ಜಾಗ ಸಾಕು. ಅಂಗಾತ ಮಲಗಿ, ಕೈಕಾಲು ಸಡಿಲಬಿಟ್ಟು, ಉಸಿರನ್ನು ನಿಧಾನವಾಗಿ ಹೊರಬಿಡಿ; ಎದೆಬಡಿತ ತಗ್ಗುತ್ತದೆ. ಆದರೆ ಇದರಿಂದ ಓದುವ ಶ್ರಮ ತಪ್ಪದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಡಾಕ್ಟರರ ಬಳಿಗೇ ಹೋಗಬೇಕು. ಖೋಲಿಯ ಹಿರಿಯರು ಆ ಹತ್ತು ನಿಮಿಷ ಟೀವಿ ನಿಲ್ಲಿಸಿದರೆ ಅದೇ ದೊಡ್ಡ ಉಪಕಾರ.