ಇದ್ದವರು, ಇಲ್ಲದವರು, ನಡುವೆ ಇರುವವರು

ಸ್ಥಿತಿವಂತರು, ಅನುಕೂಲಸ್ಥರು, ಉಂಡುಟ್ಟು ಸುಖವಾಗಿರುವವರು, ಕಷ್ಟಜೀವಿಗಳು, ಕೈಸಾಗದವರು—ವರಮಾನದ ಮೇಲಿಂದ ಜನರನ್ನು ಬೇರೆಬೇರೆ ಮಾಡಿ ಹೇಳುವ ಪದಗಳಿಗೆ ನಮ್ಮ ಮಾತಿನಲ್ಲಿ ಕೊರತೆಯಿಲ್ಲ. ಸಂಬಂಧ ಬೆಳೆಸಲು ಹೊರಟವರು ಎದುರು ಪಕ್ಷದವರನ್ನು ಕುರಿತು ಮೊದಲು ಕೇಳುವ ಪ್ರಶ್ನೆ 'ಹೇಗಿದ್ದಾರೆ?' ಎಂಬುದು. ಅದು ಆರೋಗ್ಯದ ವಿಚಾರವಲ್ಲವೆಂಬುದು ಕೇಳಿದವರಿಗೂ ಗೊತ್ತು, ಹೇಳಬೇಕಾದವರಿಗೂ ಗೊತ್ತು. ಆದರೆ ಇದೇ ಪ್ರಶ್ನೆಯನ್ನು ನಿಮ್ಮನ್ನು ಕುರಿತೇ ಕೇಳಿದರೆ ಏನು ಹೇಳುತ್ತೀರಿ? 'ಏನೋ, ದೇವರು ನಡೆಸುತ್ತಿದ್ದಾನೆ' ಎನ್ನುವಿರಿ. ಯಳಂದೂರಿನ ಕಾಲುವೆ ಬಯಲಿನಲ್ಲಿ ನಾಲ್ಕು ಎಕರೆ ಗದ್ದೆಯುಳ್ಳವರ ಉತ್ತರವೂ ಅದೇ. ಕೊಳ್ಳೇಗಾಲದಲ್ಲಿ ಗಂಡನ ಮಗ್ಗಕ್ಕಾಗಿ ಓಲೆಯನ್ನು ಗಿರವಿಯಿಟ್ಟ ಹೆಂಗಸಿನ ಉತ್ತರವೂ ಅದೇ. ಎಲ್ಲರೂ ನಡುವಿನವರೇ! ಮೇಲಿನವರೆಂದು ಒಪ್ಪಿಕೊಂಡರೆ ಸಾಲ ಕೇಳಲು ಬಂದಾರು, ಕೆಳಗಿನವರೆಂದು ಒಪ್ಪಿಕೊಂಡರೆ ಮಾನ ಹೋದೀತು. ಮನುಷ್ಯ ಸ್ವಭಾವ.

ಆದುದರಿಂದ ಜನರ ಬಾಯಿಮಾತನ್ನು ಬಿಟ್ಟು ಬೇರೊಂದು ಅಳತೆಗೋಲನ್ನು ಹುಡುಕಬೇಕಾಯಿತು. ಜರ್ಮನಿಯ ಎರ್ನ್ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞನು 1857ರಲ್ಲಿ ಒಂದು ಸರಳವಾದ ಸಂಗತಿಯನ್ನು ಎತ್ತಿ ತೋರಿಸಿದ. ಮನೆ ಬಡವಾದಷ್ಟೂ ಅದರ ಒಟ್ಟು ಖರ್ಚಿನಲ್ಲಿ ಊಟದ ಪಾಲು ಹೆಚ್ಚು; ವರಮಾನ ಏರಿದಂತೆ ಊಟದ ಖರ್ಚೂ ಏರುತ್ತದೆ, ಆದರೆ ಅದರ ಪಾಲು ಇಳಿಯುತ್ತದೆ. ಎಷ್ಟೇ ಹಣ ಬಂದರೂ ಹೊಟ್ಟೆ ಒಂದೇ ಅಲ್ಲವೆ? ನಮ್ಮ ದೇಶದಲ್ಲಿ 2022-23ರಲ್ಲಿ ನಡೆದ ಮನೆಖರ್ಚಿನ ಸಮೀಕ್ಷೆಯಂತೆ ಹಳ್ಳಿಗಳಲ್ಲಿ ನೂರು ರೂಪಾಯಿಗೆ ಸುಮಾರು 46, ಪಟ್ಟಣಗಳಲ್ಲಿ ಸುಮಾರು 39 ರೂಪಾಯಿ ಊಟತಿಂಡಿಗೆ ಹೋಗುತ್ತದೆ. ನಿಮ್ಮ ಮನೆಯ ಲೆಕ್ಕದ ಪುಸ್ತಕವನ್ನು ತೆರೆದು ಈ ಪಾಲನ್ನು ನೀವೇ ತೆಗೆದು ನೋಡಬಹುದು. ನೆರೆಮನೆಯವರ ಸೀರೆಗಿಂತ ಅದು ನಿಜವನ್ನು ಹೇಳುತ್ತದೆ.

ಸೀರೆಯ ಮಾತು ಬಂತು. ರೇಡಿಯೋದ ಮಾತನ್ನೂ ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಮನೆಯಲ್ಲಿ ರೇಡಿಯೋ ಇದ್ದರೆ ಅಂಚೆ ಕಚೇರಿಯಲ್ಲಿ ಪ್ರತಿವರ್ಷ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತು. ಬೀದಿಯಲ್ಲಿ ಒಂದೆರಡು ಮನೆಗಳಿಗೆ ಮಾತ್ರ ಆ ಭಾಗ್ಯ. ಉಳಿದವರು ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆ ಕುರಿ ಕಾಯುವವನ ಹೆಗಲಿಗೂ ರೇಡಿಯೋ ಏರಿತು. 1980ರ ದಶಕದಲ್ಲಿ ಲೈಸೆನ್ಸೂ ಹೋಯಿತು. ಹೀಗೆ ಒಂದು ಕಾಲದ ಸಿರಿತನದ ಗುರುತು ಮತ್ತೊಂದು ಕಾಲಕ್ಕೆ ಸಾಮಾನ್ಯವಾಗುತ್ತದೆ. ಸೈಕಲ್ಲಿಗೂ ಹಾಗೆಯೇ ಆಯಿತು, ಮೊಬೈಲ್ ಫೋನಿಗೂ ಹಾಗೆಯೇ ಆಯಿತು. 'ಅವರ ಮನೆಯಲ್ಲಿ ಟೀವಿ ಇದೆ, ಬಡವರೆಂದು ಹೇಗೆ ಹೇಳುವುದು?' ಎಂದು ವಾದಿಸುವವರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಈಗ ವಿಷಯವನ್ನು ನಮ್ಮ ಮೂರು ಊರುಗಳಿಗೇ ತರೋಣ. ಕೊಳ್ಳೇಗಾಲ, ಹನೂರು, ಯಳಂದೂರು ನಕ್ಷೆಯಲ್ಲಿ ಒಂದಕ್ಕೊಂದು ತಾಗಿಕೊಂಡಿವೆ, ಚರಿತ್ರೆಯಲ್ಲಿ ಹಾಗಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹನೂರನ್ನೂ ಒಳಗೊಂಡ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರಾದರೋ ಮೈಸೂರು ಸೀಮೆಯದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದದ್ದು. ಒಂದು ಕಡೆ ಸರ್ಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ರೈತ, ಮತ್ತೊಂದು ಕಡೆ ಜಹಗೀರುದಾರರ ಕೆಳಗಿನ ರೈತ. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ಎಲ್ಲರೂ ಒಂದೇ ಜಿಲ್ಲೆಯವರಾದರು.

ಯಳಂದೂರಿನ ಬಯಲಿಗೆ ನೀರಿದೆ. ಹೊನ್ನುಹೊಳೆ ಎಂದೂ ಕರೆಯುವ ಸುವರ್ಣಾವತಿ ಹರಿಯುತ್ತದೆ. ಕಬಿನಿಯ ಕಾಲುವೆಯೂ ಬಂದಿದೆ. ನೀರು ಬಂದಲ್ಲಿ ಬತ್ತ, ಕಬ್ಬು, ಬಾಳೆ. ಆದರೆ ನೀರು ಹರಿದದ್ದು ಜಮೀನಿಗೆ. ಜಮೀನಿಲ್ಲದವನಿಗೆ ಸಿಕ್ಕಿದ್ದು ನಾಟಿಯ ಕೂಲಿ, ಕೊಯ್ಲಿನ ಕೂಲಿ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನು ಒಡೆಯನಾದ. ಗೇಣಿಯೂ ಇಲ್ಲದೆ ಬರಿಯ ಕೂಲಿಗೆ ಹೋಗುತ್ತಿದ್ದವನು ಅರ್ಜಿಯಲ್ಲಿ ಏನೆಂದು ಬರೆಯಬೇಕು? ಅವನು ಮೊದಲಿದ್ದಲ್ಲಿಯೇ ಉಳಿದ. ಆ ಕೂಲಿಯವರಲ್ಲಿ ಬಹುಪಾಲು ಊರ ಹೊರಗಿನ ಕೇರಿಗಳವರು. ಆರ್ಥಿಕ ವರ್ಗ ಎಂದು ಪುಸ್ತಕದಲ್ಲಿ ಓದುವುದು ನಮ್ಮ ಕಡೆ ಎಷ್ಟೋ ವೇಳೆ ಕೇರಿಯ ಹೆಸರಾಗಿಯೇ ಕಾಣಿಸುತ್ತದೆ. ಇದನ್ನು ಬಿಟ್ಟು ವರಮಾನವೊಂದನ್ನೇ ಎಣಿಸಿದರೆ ಲೆಕ್ಕ ಸರಿಯಾಗಿರುತ್ತದೆ, ಚಿತ್ರ ತಪ್ಪಾಗಿರುತ್ತದೆ.

ಕೊಳ್ಳೇಗಾಲವೆಂದರೆ ರೇಷ್ಮೆ. ಹಳೆಯ ಮದರಾಸು ಪ್ರಾಂತ್ಯದಲ್ಲಿ ರೇಷ್ಮೆ ಹುಳು ಸಾಕಣೆಗೆ ಮುಖ್ಯ ಸ್ಥಳವೇ ಈ ತಾಲ್ಲೂಕು. ಒಂದು ಸೀರೆಯ ದಾರಿಯನ್ನು ನೋಡಿರಿ. ಹಿಪ್ಪುನೇರಳೆ ಬೆಳೆದವನು ಹುಳು ಸಾಕುತ್ತಾನೆ. ಹುಳುವಿಗೆ ನಾಲ್ಕು ಜ್ವರ ಕಳೆದು, ಚಂದ್ರಿಕೆಯ ಮೇಲೆ ಗೂಡು ಕಟ್ಟುವವರೆಗೆ ಮನೆಮಂದಿಗೆ ನಿದ್ದೆಯಿಲ್ಲ. ರೋಗ ತಗಲಿದರೆ ಇಡೀ ಬೆಳೆ ತಿಪ್ಪೆಗೆ. ಗೂಡನ್ನು ಕೊಂಡವನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚಿಸುತ್ತಾನೆ. ಹಾಗೆ ಬಿಚ್ಚುವ ಹೆಂಗಸರ ಬೆರಳುಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆಮೇಲೆ ಹುರಿ, ಬಣ್ಣ, ಹಾಸು, ಹೊಕ್ಕು, ಮಗ್ಗ. ಸಾಹುಕಾರರು ರೇಷ್ಮೆಯನ್ನೂ ಜರಿಯನ್ನೂ ಕೊಡುತ್ತಾರೆ. ನೇಕಾರನು ತನ್ನ ಮನೆಯಲ್ಲಿ, ತನ್ನ ಮಗ್ಗದಲ್ಲಿ ನೇಯ್ದುಕೊಟ್ಟು ಮಜೂರಿ ಪಡೆಯುತ್ತಾನೆ. ಹೆಂಡತಿ ಮಕ್ಕಳು ಕಂಡಿಕೆ ಸುತ್ತಿದ್ದಕ್ಕೆ ಬೇರೆ ಕೂಲಿಯಿಲ್ಲ. ಅದು ಸೀರೆಯ ಮಜೂರಿಯಲ್ಲೇ ಅಡಗಿದೆ. ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಂಡರೆ ಅದು ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ. ಈ ಮನೆಗೆ ಸ್ವಂತ ಸೂರಿದೆ, ಸ್ವಂತ ಮಗ್ಗವಿದೆ, ಕೈಯಲ್ಲಿ ಉತ್ತಮವಾದ ವಿದ್ಯೆಯಿದೆ. ಇದನ್ನು ಯಾವ ವರ್ಗಕ್ಕೆ ಸೇರಿಸುತ್ತೀರಿ? ಕಾರ್ಖಾನೆಯ ಕಾರ್ಮಿಕನಂತೆ ಅವನಿಗೆ ವಾರದ ರಜೆಯಿಲ್ಲ, ಮಾಲೀಕನಂತೆ ಲಾಭವಿಲ್ಲ. ನಷ್ಟದ ಪಾಲು ಮಾತ್ರ ಇದೆ: ರೇಷ್ಮೆಯ ಬೆಲೆ ಏರಿ ಸೀರೆ ಮಾರಾಟವಾಗದಿದ್ದರೆ ಮೊದಲು ನಿಲ್ಲುವುದು ಅವನ ಮಗ್ಗ.

ಹನೂರಿನ ಕಡೆ ಹೊರಟರೆ ದಾರಿಯುದ್ದಕ್ಕೂ ನೆಲದ ಬಣ್ಣ ಬದಲಾಗುತ್ತದೆ. ಬೆಟ್ಟದ ಸೆರಗು, ಮಳೆ ನಂಬಿದ ಹೊಲ. ರಾಗಿ, ಮುಸುಕಿನ ಜೋಳ, ನಾಲ್ಕು ಮೇಕೆ. ಎಕರೆಯ ಲೆಕ್ಕದಲ್ಲಿ ಇಲ್ಲಿಯ ರೈತ ಯಳಂದೂರಿನ ರೈತನಿಗಿಂತ ದೊಡ್ಡವನಾಗಿರಬಹುದು, ಅನ್ನದ ಲೆಕ್ಕದಲ್ಲಿ ಅಲ್ಲ. ಮಳೆ ಕೈಕೊಟ್ಟ ವರ್ಷ ವಯಸ್ಸಿನವರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋಗುತ್ತಾರೆ. ಮನೆಯಲ್ಲಿ ಮುದುಕರು, ಮಕ್ಕಳು, ಮೇಕೆಗಳು. ಇದೇ ಸೀಮೆಯ ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕೊಟ್ಟರು. ಅವರೂ ಅದೇ ಮಳೆಯನ್ನು ನಂಬಿ ಜೋಳ ಬೆಳೆದರು. ಆದರೆ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವ ಎರಡನೆಯ ದಾರಿಯೊಂದು ಅವರಿಗಿತ್ತು. ಜೋಳ ಕೈಕೊಟ್ಟರೂ ಉಣ್ಣೆ ಕೈಬಿಡಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಯಾವ ಕೋಷ್ಟಕದಲ್ಲಿ ಬರೆಯೋಣ? ಜೇನು, ನೆಲ್ಲಿ, ಸೀಗೆ, ಅಂಟುವಾಳ. ಕಾಡಿನ ಗೆಡ್ಡೆ, ಸೊಪ್ಪು. ಇವುಗಳಲ್ಲಿ ಮಾರಿದ್ದಕ್ಕೆ ಬೆಲೆಯಿದೆ, ತಿಂದದ್ದಕ್ಕೆ ಲೆಕ್ಕವಿಲ್ಲ. 1974ರಲ್ಲಿ ಅಭಯಾರಣ್ಯವಾದಾಗ ಅವರ ಕುಮರಿ ಬೇಸಾಯ ನಿಂತಿತು. ಈ ಶತಮಾನದ ಮೊದಲ ದಶಕದಲ್ಲಿ ಕಾಡಿನ ಕಿರು ಉತ್ಪನ್ನಗಳನ್ನು ತರುವುದಕ್ಕೂ ತಡೆ ಬಂತು. ಪುಸ್ತಕದ ಲೆಕ್ಕದಲ್ಲಿ ಅವರು ಮೊದಲೂ ಬಡವರು, ಆಮೇಲೂ ಬಡವರು. ಆದರೆ ಒಲೆಯ ಮೇಲಿನ ಮಡಕೆಗೆ ವ್ಯತ್ಯಾಸ ತಿಳಿಯಿತು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಾಮೂಹಿಕ ಅರಣ್ಯ ಹಕ್ಕು ದೊರಕಿದ್ದನ್ನು ನಾನು ಜೀವನಮಟ್ಟದ ಸಂಗತಿಯೆಂದೇ ಎಣಿಸುತ್ತೇನೆ.

ಒಂದು ಲೆಕ್ಕವನ್ನು ಹಾಕಿ ನೋಡೋಣ. ವರ್ಷಕ್ಕೆ 1,20,000 ರೂಪಾಯಿ ವರಮಾನವುಳ್ಳ ಮೂರು ಮನೆಗಳಿವೆ ಎಂದು ಇಟ್ಟುಕೊಳ್ಳಿ. ಒಂದು ಮನೆಗೆ ತಿಂಗಳ ಸಂಬಳ. ಮೊದಲ ತಾರೀಖಿಗೆ ಹತ್ತು ಸಾವಿರ, ಹನ್ನೆರಡು ಸಲ. ಎರಡನೆಯದು ನೇಕಾರನ ಮನೆ. ಮದುವೆಯ ಕಾಲದಲ್ಲಿ ಹದಿನೈದು ಸಾವಿರ, ಮಾರಾಟವಿಲ್ಲದ ತಿಂಗಳಲ್ಲಿ ಮೂರು ಸಾವಿರ. ಮೂರನೆಯದು ಹನೂರಿನ ಕಡೆಯದು. ಸುಗ್ಗಿಯಲ್ಲಿ ಒಂದು ಗಂಟು, ಉಳಿದಂತೆ ಮಗ ಕಳುಹಿಸಿದಾಗ. ಮೂವರಿಗೂ ಮೊತ್ತ ಒಂದೇ. ಆದರೆ ಸಂಬಳದವನಿಗೆ ಸಹಕಾರ ಸಂಘ ಸಾಲ ಕೊಡುತ್ತದೆ; ನೇಕಾರನಿಗೆ ಸಾಹುಕಾರರ ಮುಂಗಡ; ಮೂರನೆಯವನಿಗೆ ಮನೆಯಾಕೆಯ ಕಿವಿಯೋಲೆ. ಒಂದೇ ವರಮಾನದವರು ಸಾಲ ತೆಗೆಯುವಾಗ ಮೂರು ವರ್ಗದವರಾಗುತ್ತಾರೆ. ಎಷ್ಟು ಬರುತ್ತದೆ ಎಂಬುದರಷ್ಟೇ, ಬಾರದಿದ್ದಾಗ ಎಷ್ಟು ದಿನ ತಡೆದುಕೊಳ್ಳಬಲ್ಲರು ಎಂಬುದು ಮುಖ್ಯ. ಮೂರು ದಿನವೆ, ಮೂರು ತಿಂಗಳೆ, ಮೂರು ವರ್ಷವೆ? ನನ್ನನ್ನು ಕೇಳಿದರೆ ವರ್ಗಗಳನ್ನು ಹೀಗೆಯೇ ಎಣಿಸಬೇಕು.

ಸರ್ಕಾರಕ್ಕಾದರೆ ಒಂದು ಗೆರೆ ಬೇಕು. ಗೆರೆಯಿಲ್ಲದೆ ಅಕ್ಕಿ ಹಂಚಲಾಗದು. 1962ರಲ್ಲಿ ಯೋಜನಾ ಆಯೋಗದ ತಜ್ಞರ ತಂಡವು 1960-61ರ ಬೆಲೆಯಲ್ಲಿ ತಲೆಗೆ ತಿಂಗಳಿಗೆ 20 ರೂಪಾಯಿ, ಪಟ್ಟಣದಲ್ಲಿ 25 ರೂಪಾಯಿ ಕನಿಷ್ಠ ಖರ್ಚೆಂದು ಹೇಳಿತು. ವೈದ್ಯ, ವಿದ್ಯೆ ಎರಡನ್ನೂ ಸರ್ಕಾರ ನೋಡಿಕೊಳ್ಳುವುದೆಂದು ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಎರಡಕ್ಕಾಗಿಯೇ ಎಷ್ಟು ಮನೆಗಳು ಸಾಲಕ್ಕೆ ಬಿದ್ದಿವೆಯೆಂಬುದನ್ನು ನಿಮ್ಮ ಬೀದಿಯಲ್ಲಿಯೇ ಎಣಿಸಬಹುದು. ಮುಂದೆ ತೆಂಡುಲ್ಕರ್ ಸಮಿತಿಯ ಕ್ರಮದಂತೆ 2011-12ಕ್ಕೆ ಕರ್ನಾಟಕದ ಗೆರೆ ಹಳ್ಳಿಯಲ್ಲಿ 902 ರೂಪಾಯಿ, ಪಟ್ಟಣದಲ್ಲಿ 1,089 ರೂಪಾಯಿ ಎಂದಾಯಿತು. ಎಂದರೆ ಹಳ್ಳಿಯಲ್ಲಿ ದಿನಕ್ಕೆ ಮೂವತ್ತು ರೂಪಾಯಿ. ಮೂವತ್ತೊಂದು ಖರ್ಚು ಮಾಡಿದವನು ಬಡವನಲ್ಲ!

ರೇಷನ್ ಕಾರ್ಡಿನ ಗೆರೆ ಬೇರೆ. ನಮ್ಮ ರಾಜ್ಯದಲ್ಲಿ ಬಿ.ಪಿ.ಎಲ್. ಕಾರ್ಡಿಗೆ ಮನೆಯ ವಾರ್ಷಿಕ ವರಮಾನ 1,20,000 ರೂಪಾಯಿಯನ್ನು ಮೀರಬಾರದು. ಐದು ಜನರ ಮನೆಯಾದರೆ ತಲೆಗೆ ದಿನಕ್ಕೆ ಸುಮಾರು 66 ರೂಪಾಯಿ ಬಂತು. ಇದರ ಜೊತೆಗೆ ಸ್ವಂತಕ್ಕೆ ನಾಲ್ಕು ಚಕ್ರದ ವಾಹನ ಇರಬಾರದು, ಹಳ್ಳಿಯಲ್ಲಿ ಮೂರು ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇರಬಾರದು ಎಂಬ ಷರತ್ತುಗಳಿವೆ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಈ ಕಾರ್ಡಿಗೆ ಅಕ್ಕಿಯ ತೂಕ ಬಂತು. ಕಾರ್ಡು ಕೆಲವರಿಗೆ ಅನ್ಯಾಯವಾಗಿ ಸಿಕ್ಕಿರುವುದೂ ಉಂಟು. ಅನುಕೂಲಸ್ಥರು ಆ ಸಾಲಿನಲ್ಲಿ ನಿಂತರೆ ನಾವು ಆಡಿಕೊಳ್ಳುತ್ತೇವೆ, ಸರಿಯೇ. ಆದರೆ ಗೆರೆಯ ಮೇಲೆಯೇ ನಿಂತಿರುವ ಮನೆಯ ಪಾಡನ್ನು ಯೋಚಿಸಿರಿ. ಮಗಳು ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದರೆ ವರಮಾನ ಗೆರೆ ದಾಟಿ ಕಾರ್ಡು ಹೋಗಬಹುದು. ಆರು ತಿಂಗಳಲ್ಲಿ ಕೆಲಸ ಹೋದರೆ ಕಾರ್ಡು ಅಷ್ಟು ಬೇಗ ಬರುವುದಿಲ್ಲ. ಏರುವಾಗ ಕಚೇರಿಗೆ ಬೇಗ ಕಾಣಿಸುತ್ತದೆ, ಇಳಿಯುವಾಗ ಅರ್ಜಿ ಬರೆದು ಕಾಣಿಸಬೇಕು.

ಬಡತನವನ್ನು ಸಾಬೀತು ಮಾಡುವುದಕ್ಕೂ ಹಣ ಬೇಕು. ಮಲೆಮಹದೇಶ್ವರ ಬೆಟ್ಟದ ಸುತ್ತಿನ ಹಳ್ಳಿಯವರು ವರಮಾನದ ಪತ್ರಕ್ಕೆ ಬಹುಕಾಲ ಕೊಳ್ಳೇಗಾಲಕ್ಕೇ ಬರಬೇಕಾಗಿತ್ತು. ಬೆಟ್ಟದಿಂದ ಅಲ್ಲಿಗೆ ಸುಮಾರು 80 ಕಿಲೋಮೀಟರು. ಬಸ್ಸಿನ ಚಾರ್ಜು, ಒಂದು ದಿನದ ಕೂಲಿ, ಅಂಗಡಿಯ ಊಟ. ಗುಮಾಸ್ತರು 'ನಾಳೆ ಬಾ' ಎಂದರೆ ಇದೆಲ್ಲ ಇನ್ನೊಮ್ಮೆ. 2018ರಲ್ಲಿ ಹನೂರು ಬೇರೆ ತಾಲ್ಲೂಕಾಗಿ ಕಚೇರಿ ಇಪ್ಪತ್ತೈದು ಕಿಲೋಮೀಟರಿನಷ್ಟು ಹತ್ತಿರ ಬಂದಿದೆ. ಕಾಡಿನೊಳಗಿನ ಪೋಡುಗಳಿಂದ ಟಾರು ರಸ್ತೆಗೆ ಬರುವ ನಡಿಗೆ ಮಾತ್ರ ಮೊದಲಿನಷ್ಟೇ ಇದೆ.