ಹಟ ಮಗುವಿನದು, ಹೊತ್ತು ಯಾರದು?



ಪುಟ್ಟ ಮಕ್ಕಳನ್ನು ಸಾಕುವಾಗ ದಿನವೂ ಎದುರಾಗುವ ತೊಡಕುಗಳೇ ಈ ವಿಚಾರ ಸಂಕಿರಣದ ವಿಷಯ. ಊಟ ಬೇಡವೆಂಬ ಹಟ, ಮಲಗುವ ಹೊತ್ತಿನ ರಂಪ, ಮೊಬೈಲ್ ಕಿತ್ತುಕೊಂಡರೆ ನೆಲದ ಮೇಲೆ ಹೊರಳಾಟ, ಅಂಗನವಾಡಿಯ ಬಾಗಿಲಲ್ಲಿ ಅಳು. ಇವಕ್ಕೆಲ್ಲ ನಮ್ಮ ಬಾಯಲ್ಲಿ ಎರಡು ವಿವರಣೆಗಳು ಸಿದ್ಧವಾಗಿರುತ್ತವೆ: ಮಗು ಹಟಮಾರಿ, ಇಲ್ಲವೇ ತಾಯಿಗೆ ಸಾಕಲು ಬರುವುದಿಲ್ಲ. ಎರಡೂ ಸಾಲವು ಎಂಬುದು ನನ್ನ ವಾದ. ಚಿಕ್ಕಬಳ್ಳಾಪುರ ಸೀಮೆಯ ಮಗುವಿನ ನಡವಳಿಕೆ ತಿಳಿಯಬೇಕಾದರೆ, ಆ ಮನೆಯ ದೊಡ್ಡವರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲಿ ದುಡಿಯುತ್ತಾರೆ, ಯಾವಾಗ ಮನೆ ಸೇರುತ್ತಾರೆ ಎಂದು ಮೊದಲು ಕೇಳಬೇಕು.

ಎರಡು ವರ್ಷದ ಮಗುವಿನ ಹಟ ಬೆಳವಣಿಗೆಯದೇ ಒಂದು ಘಟ್ಟ. ಬೇಕು ಬೇಡಗಳು ಬಲವಾಗಿರುತ್ತವೆ, ಹೇಳಿಕೊಳ್ಳಲು ಮಾತು ಸಾಲದು. ಸಿಟ್ಟನ್ನು ತಡೆದುಕೊಳ್ಳಲು ನೆರವಾಗುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆಯೇ. ಮೂರು ನಾಲ್ಕು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹೊತ್ತಿಗೆ ಸರಿಯಾಗಿ ಊಟ, ಸಾಕಷ್ಟು ನಿದ್ದೆ, ಕರೆದಾಗ ಓಗೊಡುವ ಪರಿಚಿತ ಹಿರಿಯರು ಇದ್ದರೆ ಹಟದ ಘಟ್ಟ ತಾನಾಗಿ ಹಗುರಾಗುತ್ತದೆ. ಆದರೆ ಈ ಮೂರಕ್ಕೂ ಬೇಕಾದದ್ದು ದೊಡ್ಡವರ ಹೊತ್ತು.

ಶಿಡ್ಲಘಟ್ಟದ ಸುತ್ತಿನ ರೇಷ್ಮೆ ಮನೆಗಳಲ್ಲಿ ಆ ಹೊತ್ತು ಎಲ್ಲಿಗೆ ಹೋಗುತ್ತದೆಂದು ನೋಡಿ. ಹುಳು ಮೇಯುವುದು ಹೆಚ್ಚುಕಡಿಮೆ ಇಪ್ಪತ್ತೈದು ದಿನ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ಮುಗಿದು ಎದ್ದ ಮೇಲಿನ ವಾರವೊಂದರಲ್ಲೇ ಅದು ಇಡೀ ಬೆಳೆಯ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ತಿಂದು ಮುಗಿಸುತ್ತದೆ. ಸೊಪ್ಪು ಕೊಯ್ದು ತರುವುದು, ರಾತ್ರಿಯ ಮೇವು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು: ಆ ವಾರ ಮನೆಯಲ್ಲಿ ಯಾರ ಊಟಕ್ಕೂ ಹೊತ್ತಿಲ್ಲ, ಮಗುವಿನ ಊಟಕ್ಕೂ ಇಲ್ಲ. ಮಗುವಿನ ಕೈಗೆ ಮೊಬೈಲ್ ಬರುವುದು ಇಂಥ ಗಳಿಗೆಯಲ್ಲೇ. ಚಿಂತಾಮಣಿಯ ಟೊಮೆಟೊ ತೋಟದ ಕೂಲಿಗೂ ಗೌರಿಬಿದನೂರಿನ ಗಾರ್ಮೆಂಟ್ಸ್ ಕೆಲಸಕ್ಕೂ ಗಡಿಯಾರ ಬೇರೆ ಬೇರೆ. ಮನೆಯಲ್ಲಿ ಉಳಿಯುವ ಕೊರತೆ ಒಂದೇ.

ನಮ್ಮ ಅಜ್ಜಿಯರು ಯಾವ ಸಲಹೆಯೂ ಇಲ್ಲದೆ ಹತ್ತು ಮಕ್ಕಳನ್ನು ಸಾಕಲಿಲ್ಲವೇ ಎಂದು ಕೇಳುವವರಿದ್ದಾರೆ. ಸಾಕಿದರು, ನಿಜ. ಕಂಕುಳಲ್ಲಿ ಕೂಸು ಹೊತ್ತು ಓಡಾಡುತ್ತಿದ್ದ ಅಕ್ಕ ಆಗ ಶಾಲೆಗೆ ಹೋಗುತ್ತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಬದುಕಿ ಉಳಿಯದ ಮಕ್ಕಳ ಲೆಕ್ಕವನ್ನೂ ಮರೆಯಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಬಳಿಕ ಆ ಅಕ್ಕನ ಜಾಗ ಶಾಲೆಯಲ್ಲಿ, ಅದು ಅಲ್ಲೇ ಇರಬೇಕು. ಅವಳು ಬಿಟ್ಟುಹೋದ ಕೆಲಸವನ್ನು ಮಾತ್ರ ನಾವು ಯಾರಿಗೂ ವಹಿಸಿಲ್ಲ.

ಅಂಗನವಾಡಿ ಇದೆಯಲ್ಲ ಎನ್ನಬಹುದು. 1975ರಲ್ಲಿ ರಾಜ್ಯದೊಳಗೆ ಟಿ. ನರಸೀಪುರದಿಂದ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮಾಡಿರುವ ಕೆಲಸ ದೊಡ್ಡದು. ಅದನ್ನು ಹೊತ್ತು ನಡೆಸಿದ ಕಾರ್ಯಕರ್ತೆಯರಿಗೆ ನಾವು ಋಣಿಗಳು. ಆದರೆ ದಿನವಿಡೀ ಅಲ್ಲಿ ಕೂರುವವರು ಮೂರರಿಂದ ಆರು ವರ್ಷದವರು. ಮೂರು ತುಂಬದ ಮಗುವಿಗೆ ಸಿಗುವುದು ಮುಖ್ಯವಾಗಿ ಮನೆಗೊಯ್ಯುವ ಪೌಷ್ಟಿಕ ಆಹಾರ. ಹಟ ಅತಿ ಹೆಚ್ಚಿರುವ ವಯಸ್ಸಿಗೇ ನೋಡಿಕೊಳ್ಳುವ ಕೈ ಇಲ್ಲ. ಕಾನೂನೂ ಇಲ್ಲಿ ಪೂರ್ತಿ ಒದಗುವುದಿಲ್ಲ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕೂ ಹೆಚ್ಚು ಮಹಿಳೆಯರು ದುಡಿಯುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ನೌಕರರ ಮಿತಿ ಇಟ್ಟಿತು. ನಾಲ್ಕಾರು ಜನ ಕೂತು ನೂಲು ಬಿಚ್ಚುವ ಸಣ್ಣ ಘಟಕ, ಹಿಪ್ಪುನೇರಳೆ ತೋಟ, ಸ್ವಂತ ಹುಳು ಮನೆ ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. 2023-24ರ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರ ಸರಿಯಾದ ದಾರಿಯಲ್ಲಿಟ್ಟ ಹೆಜ್ಜೆ. ಅದು ಉದ್ಯೋಗ ಖಾತ್ರಿ ಕೂಲಿಕಾರರನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡದ್ದು. ಈ ಸೀಮೆಯಲ್ಲಿ ಅದರ ಬಾಗಿಲು ರೇಷ್ಮೆ ಮನೆಗಳಿಗೂ ತೆರೆಯಬೇಕು, ಬೆಳೆಯ ಕೊನೆಯ ವಾರ ಹೆಚ್ಚು ಹೊತ್ತು ತೆರೆದಿರಬೇಕು.

ಹೀಗೆಂದರೆ ತಂದೆತಾಯಿಗೆ ಹೊಣೆಯೇ ಇಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹೊತ್ತು ಸಿಕ್ಕ ಮನೆಗಳಲ್ಲೂ ಹೊಡೆತವಿದೆ, ಬೈಗುಳವಿದೆ; ಮಗು ಅತ್ತರೆ ತಾಯಿಯತ್ತ ಬೆರಳು ತೋರಿಸಿ ಎದ್ದುಹೋಗುವ ತಂದೆಯೂ ಇದ್ದಾನೆ. ಅದನ್ನು ಬಡತನದ ಹೆಸರಿನಲ್ಲಿ ಒಪ್ಪಲಾಗದು. ಆದರೆ ಈ ಜನಕ್ಕೆ ತಿಳಿಸಿ ಹೇಳಿದರೂ ಅರ್ಥವಾಗದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹುಳು ಜ್ವರಕ್ಕೆ ಕೂತಾಗ ಮೇವು ಹಾಕದೆ, ಮುಟ್ಟದೆ ಕಾಯಬೇಕೆಂದು ಬಲ್ಲ ರೈತನಿಗೆ, ಮಗು ರಂಪಕ್ಕೆ ಕೂತಾಗ ಹೊಡೆಯದೆ ಪಕ್ಕದಲ್ಲಿ ಕಾಯಬೇಕೆಂಬುದು ತಿಳಿಯದ ವಿದ್ಯೆಯೇನಲ್ಲ. ನಾವು ಕೊಡುವ ಸಲಹೆ ಅವರ ಮಾತಿನಲ್ಲಿರಬೇಕು.

ಮಾತೆಂದಾಗ ಇನ್ನೊಂದು ಸಂಗತಿ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಪೇಟೆಯ ಕೇರಿಗಳಲ್ಲಿ ಉರ್ದು. ಕನ್ನಡದ ಅಂಗನವಾಡಿಯಲ್ಲಿ ಮೊದಲ ತಿಂಗಳುಗಳಲ್ಲಿ ಬಾಯಿ ಬಿಡದ ಮಗು ಮೊದ್ದಲ್ಲ. ಅದು ಹೊಸ ಭಾಷೆಯನ್ನು ಕೇಳಿಸಿಕೊಳ್ಳುತ್ತಿದೆ. ಮನೆಯ ಮಾತಿನಲ್ಲೇ ಅದನ್ನು ಮಾತಾಡಿಸಿ ಕನ್ನಡಕ್ಕೆ ಕರೆತರುವ ಕಾರ್ಯಕರ್ತೆಯರು ಈ ಸಭೆಯಲ್ಲೇ ಇದ್ದಾರೆ. ಆ ಜಾಣ್ಮೆ ತರಬೇತಿಯ ಪಠ್ಯಕ್ಕೆ ಬರಬೇಕು.

ಸಂಶೋಧಕರಲ್ಲಿ ನನ್ನ ಕೋರಿಕೆ ಒಂದಿದೆ. ಮಗುವಿನ ತೂಕ, ನಿದ್ದೆ, ಹಟಗಳನ್ನು ದಾಖಲಿಸುವಾಗ ಆ ಮನೆಯ ಹುಳು ಎಷ್ಟನೇ ಜ್ವರದಲ್ಲಿದೆ, ತಾಯಿ ಯಾವ ಪಾಳಿಯಲ್ಲಿದ್ದಾಳೆ, ತಂದೆ ಎಷ್ಟು ಹೊತ್ತಿಗೆ ಮನೆಗೆ ಬಂದ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಇಂದಿನ ಮೊದಲ ಗೋಷ್ಠಿಯಲ್ಲಿ ಪ್ರಬಂಧಗಳಿಗೂ ಮುನ್ನ ಅಂಗನವಾಡಿ ಕಾರ್ಯಕರ್ತೆಯರು ಮಾತಾಡಲಿ ಎಂದು ಕೇಳಿಕೊಳ್ಳುತ್ತೇನೆ.