ಕಣ್ಣಿಗೆ ಕಂಡರೂ ಹುಡುಕಿದರೆ ಸಿಗದ ಠರಾವು



ಪಂಚಾಯಿತಿ ಕಚೇರಿಯಿಂದ ವಾಟ್ಸ್‌ಆ್ಯಪ್‌ನಲ್ಲಿ ಬಂದ ಸಭಾ ಸೂಚನಾ ಪತ್ರವನ್ನು ಸದಸ್ಯರು ಮೊಬೈಲಿನಲ್ಲಿ ತೆರೆದಾಗ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಅರ್ಥವಾಗದ ಚಿಹ್ನೆಗಳೂ ಕಾಣಿಸುವುದುಂಟು. ದೋಷವಿರುವುದು ಮೊಬೈಲಿನಲ್ಲಲ್ಲ, ಕಡತವನ್ನು ಟೈಪು ಮಾಡಿದ ಕ್ರಮದಲ್ಲಿ.

ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ್ದನ್ನು ಗಣಕಯಂತ್ರವು ಕನ್ನಡವೆಂದು ಅರಿಯುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳನ್ನೇ ಉಳಿಸಿಕೊಂಡು, ಅವುಗಳಿಗೆ ಕನ್ನಡದ ಆಕಾರವನ್ನು ಮಾತ್ರ ಕೊಡುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿನ ಸಂಕೇತಗಳೇ ಹೊರಬೀಳುತ್ತವೆ. ಯೂನಿಕೋಡ್‌ನಲ್ಲಾದರೋ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಸಂಕೇತಗಳಿವೆ.

ಮುದ್ರಿತ ಪ್ರತಿಯಲ್ಲಿ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಈ ವ್ಯತ್ಯಾಸ ವರ್ಷಗಟ್ಟಲೆ ಗಮನಕ್ಕೆ ಬರುವುದಿಲ್ಲ. ತೊಂದರೆ ತಿಳಿಯುವುದು ಹಳೆಯ ಠರಾವು ಬೇಕಾದಾಗ. ಸ್ಮಶಾನದ ದಾರಿಗೆ ಜಾಗ ಬಿಡಿಸುವ ಠರಾವು ಹಿಂದೆಯೇ ಆಗಿದೆಯೆಂದು ಗ್ರಾಮಸ್ಥರು ಅರ್ಜಿ ಕೊಟ್ಟರೆನ್ನೋಣ. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಯೂನಿಕೋಡ್‌ನಲ್ಲಿ ‘ಸ್ಮಶಾನ’ ಎಂದು ಟೈಪಿಸಿ ಹುಡುಕಿದರೆ ಏನೂ ಸಿಗುವುದಿಲ್ಲ. ಠರಾವು ಮಾತ್ರ ಅದೇ ಕಡತದಲ್ಲಿ ಕಣ್ಣೆದುರಿಗೇ ಇರಬಹುದು. ಅಷ್ಟನ್ನೇ ನಂಬಿ ‘ಇಂತಹ ಠರಾವು ಆಗಿರುವುದಿಲ್ಲ’ ಎಂದು ಹಿಂಬರಹ ಕೊಡುವುದು ಅರ್ಜಿದಾರರಿಗೆ ಮಾಡುವ ಅನ್ಯಾಯ.

ಪರೀಕ್ಷೆ ಸುಲಭ. ಕಡತದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಪೇಸ್ಟ್ ಮಾಡಬೇಕು. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಸಹಿಯಾದ ಪುಟದ ಸ್ಕ್ಯಾನ್ ಪ್ರತಿ ಬರಿಯ ಚಿತ್ರವಾದ್ದರಿಂದ, ಅದರ ಜೊತೆಗೆ ಟೈಪು ಮಾಡಿದ ಮೂಲ ಕಡತವನ್ನೂ ಉಳಿಸಿಕೊಳ್ಳಬೇಕು.

ಹೊಸ ನಡವಳಿಗಳನ್ನು ನುಡಿಯ ಯೂನಿಕೋಡ್ ಆಯ್ಕೆಯಲ್ಲೇ ಟೈಪಿಸಬಹುದು. ಕೀಲಿಮಣೆಯ ವಿನ್ಯಾಸ ಅದೇ ಇರುವುದರಿಂದ ಡಾಟಾ ಎಂಟ್ರಿ ಆಪರೇಟರು ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ. ಹಳೆಯ ಕಡತಗಳ ವಿಷಯದಲ್ಲಿ ಎಚ್ಚರ ಬೇಕು. ಪರಿವರ್ತಕ ತಂತ್ರಾಂಶದಿಂದ ಬದಲಿಸುವಾಗ, ನಡುನಡುವೆ ಬರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುವುದುಂಟು, ಒತ್ತಕ್ಷರಗಳು ಸ್ಥಳ ತಪ್ಪುವುದುಂಟು. ಆದಕಾರಣ ಮೂಲ ಕಡತವನ್ನು ಅಳಿಸಬಾರದು. ಹೆಸರು, ಸರ್ವೆ ನಂಬರು, ಮೊತ್ತ ಇವನ್ನಾದರೂ ಸಹಿಯಿರುವ ನಡವಳಿ ಪುಸ್ತಕದೊಡನೆ ತಾಳೆ ನೋಡಬೇಕು. ಒಬ್ಬ ಸದಸ್ಯರು ಪುಸ್ತಕವನ್ನು ಓದುತ್ತ ಹೋದರೆ ಆಪರೇಟರು ಪರದೆಯಲ್ಲಿ ತಿದ್ದಬಹುದು. ನಿವೇಶನ ಹಂಚಿಕೆ, ದಾರಿ, ಕೆರೆಗೆ ಸಂಬಂಧಿಸಿದ ಠರಾವುಗಳಿಂದ ಆರಂಭಿಸುವುದು ಲೇಸು. ಚಹಾ, ಉಪಾಹಾರದ ವೆಚ್ಚದ ಠರಾವುಗಳು ಕಾಯಬಹುದು.